ಮಲ್ಲಿನ ಜಬ್ಲ, ಉಣ್ಣೆಯ ಕುಲಾವಿ

ನಂಜನಗೂಡಿನ ನಮ್ಮ ಮನೆಯ ನಡುಕೋಣೆಗೆ ಕಿಟಕಿಯಿಲ್ಲ. ಸೂರಿನಲ್ಲಿ ಕೂರಿಸಿದ ಗಾಜಿನ ಹೆಂಚಿನಿಂದ ಬಿದ್ದಷ್ಟೇ ಬೆಳಕು. ಮಾವನವರ ಕಾಲದಲ್ಲಿ ಹುಲ್ಲಹಳ್ಳಿ ಕಡೆಯಿಂದ ಗಾಡಿಯಲ್ಲಿ ಬಂದ ಭತ್ತದ ಮೂಟೆಗಳನ್ನು ಅಲ್ಲಿ ಪೇರಿಸುತ್ತಿದ್ದರಂತೆ. ಅದಕ್ಕೇ ಅಷ್ಟು ದಪ್ಪ ಗೋಡೆ, ಕೆಳಗೆ ಕಲ್ಲುಚಪ್ಪಡಿ. ಕಡುಬೇಸಿಗೆಯಲ್ಲೂ ಹೊಸ್ತಿಲು ದಾಟಿದರೆ ಅಂಗಾಲು ತಣ್ಣಗಾಗುತ್ತದೆ; ಮಾರ್ಗಶಿರ, ಪುಷ್ಯದಲ್ಲಂತೂ ಹೇಳುವುದೇ ಬೇಡ. ನನ್ನ ಅತ್ತೆ ಅದನ್ನು ಉಗ್ರಾಣ ಎನ್ನುತ್ತಿದ್ದರು, ನಾನು ಸ್ಟೋರ್ ರೂಮ್ ಎನ್ನುತ್ತಿದ್ದೆ. ಮೊಮ್ಮಗಳು ಹುಟ್ಟಿದ ಮೇಲೆ ಅದು ಪಾಪು ರೂಮ್ ಆಯಿತು. ಪಾಪು ಕಾಲೇಜು ಮುಗಿಸಿ ಆಯಿತು, ಕೋಣೆಯ ಹೆಸರು ಮಾತ್ರ ಬದಲಾಗಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ನನಗೆ ಇವತ್ತಿಗೂ ಒಂದು ಕಡೆ ಕೂರಲಾಗುವುದಿಲ್ಲ. ಪೇಪರ್ ತೆಗೆದುಕೊಳ್ಳುತ್ತೇನೆ, ಕನ್ನಡಕ ಹುಡುಕುತ್ತೇನೆ, ಸಿಕ್ಕಿದ ಮೇಲೆ ಪೇಪರ್ ಬಿಟ್ಟು ಎದ್ದು ಆ ಬಾಗಿಲ ತನಕ ಹೋಗುತ್ತೇನೆ. ಒಳಗೆ ಯಾರೂ ಇಲ್ಲವೆಂದು ಗೊತ್ತು. ಆದರೂ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಾಗಿ, ಒಂದು ಪುಟ್ಟ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡುವ ಆಕಾರಕ್ಕೆ ಬಂದಿರುತ್ತವೆ. ಬೆಚ್ಚಗಿದೆಯೋ, ತಣ್ಣಗಿದೆಯೋ, ಬೆವರಿದೆಯೋ ಎಂದು.

ಇದನ್ನು ನನಗೆ ಕಲಿಸಿದ್ದು ಮೈಸೂರಿನ ಕಾನ್ವೆಂಟಿನ ಒಬ್ಬ ಸಿಸ್ಟರ್. ನಾನು ಬೋರ್ಡಿಂಗಿನಲ್ಲಿ ಬೆಳೆದವಳು. ಶನಿವಾರ ನಮಗೆ ನೀಡಲ್‌ವರ್ಕ್. ಅನಾಥಾಲಯದ ಶಿಶುಗಳಿಗೆ ಬಟ್ಟೆ ಹೊಲಿಯುವುದು ದೊಡ್ಡ ಹುಡುಗಿಯರ ಪಾಲಿನ ಕೆಲಸ. ಸಿಸ್ಟರ್ ಪ್ರತಿಯೊಂದು ಜಬ್ಲವನ್ನೂ ಒಳಮಗ್ಗುಲು ಹೊರಗೆ ಮಾಡಿ ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. ಎಲ್ಲಾದರೂ ಒಂದೆಳೆ ಚುಚ್ಚಿತೋ, ಬಿಚ್ಚಬೇಕು, ಮತ್ತೆ ಹೊಲಿಯಬೇಕು. ಗುಂಡಿ ಬೇಡ, ಟೇಪ್ ಹಾಕಿ. ಸೀಮ್ ಮೈಗೆ ತಾಗಕೂಡದು. ಮಲಗುವ ಮಗುವಿನ ಕತ್ತಿನ ಸುತ್ತ ಏನೂ ಬಿಗಿಯಿರಕೂಡದು. ಯಾರಾದರೂ ಪದರದ ಮೇಲೆ ಪದರ ಸುತ್ತಿ ತಂದರೆ ಅವರ ಹುಬ್ಬು ಮೇಲೇರುತ್ತಿತ್ತು. "ಎ ಬೇಬಿ ಈಸ್ ನಾಟ್ ಎ ಪಾರ್ಸೆಲ್, ಗರ್ಲ್ಸ್." ಆ ವಾಕ್ಯವನ್ನು ನಾವು ಡಾರ್ಮಿಟರಿಯಲ್ಲಿ ಅವರ ದನಿಯಲ್ಲೇ ಹೇಳಿ ನಗುತ್ತಿದ್ದೆವು. ಮದುವೆಯಾಗಿ ಅಕ್ಕಿ ಮಂಡಿಯವರ ಮನೆಗೆ ಬಂದು, ಮಗಳನ್ನು ಹೆತ್ತಾಗ ನಗು ಹೋಯಿತು, ವಾಕ್ಯ ಉಳಿಯಿತು.

ಮಗಳನ್ನೂ ಅದೇ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದೆವು. ಆಗ ನಮ್ಮಲ್ಲಿ ಅದು ಹೆಮ್ಮೆಯ ವಿಷಯ. ಹಾಗಾಗಿ ನನ್ನ ಮನೆಯಲ್ಲಿ ಮಧ್ಯಾಹ್ನ ಹೊತ್ತು ಒಂದು ಮಗು ಮಲಗಿದೆ, ಸದ್ದು ಮಾಡಬೇಡಿ ಎನ್ನುವ ದಿನಗಳು ಬಹಳ ಇರಲಿಲ್ಲ. ಬಂದವು, ಬೇಗ ಹೊರಟೂ ಹೋದವು. ಮತ್ತೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ದಸರೆಯ ಹೊತ್ತಿಗೆ, ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ.

ಅವಳು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಟೀಚರ್. ಗಂಡನ ಮನೆಯೂ ಅಲ್ಲೇ, ಹೊಳೆಗೆ ಮುಖ ಮಾಡಿಕೊಂಡ ಮನೆ. ಅಳಿಯಂದಿರು ಕೊಳ್ಳೇಗಾಲದ ಆಫೀಸಿಗೆ ಬೆಳಗ್ಗೆ ಹೋದರೆ ಸಂಜೆ ಬರುವವರು. ಮಗಳ ರಜೆ ಸಂಕ್ರಾಂತಿಗೆ ಮುಗಿಯುತ್ತಿತ್ತು. ಆಮೇಲೆ ಅವಳು ಮಗುವಿನೊಂದಿಗೆ ನಂಜನಗೂಡಿನಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಓಡಾಡಬಹುದು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ಇಲ್ಲವೇ ನರಸೀಪುರಕ್ಕೆ ಹೊರಟುಹೋಗಬಹುದು, ಅತ್ತೆ ನೋಡಿಕೊಳ್ಳುತ್ತಾರೆ. ಒಂದು ವರ್ಷದ ಮಟ್ಟಿಗೆ, ಮಗು ನಡೆಯುವ ತನಕ, ಇಲ್ಲೇ ಇರಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ ಅದನ್ನು ಬಾಯಿಬಿಟ್ಟು ಕೇಳಲು ಹೆದರಿಕೆ. ಸುತ್ತಿ ಬಳಸಿ ಕೇಳುತ್ತಿದ್ದೆ.

"ಬೆಳಗ್ಗೆ ಎಂಟಕ್ಕೆ ಒಂದು ಬಸ್ಸಿದೆಯಂತಲ್ಲೇ ನರಸೀಪುರಕ್ಕೆ? ಸೀಟ್ ಸಿಗುತ್ತಂತೆ."

"ನೋಡೋಣ ಅಮ್ಮ."

"ಸಂಜೆ ವಾಪಸ್ ಬರೋಕೂ ಬೇಕಾದಷ್ಟಿವೆಯಂತೆ."

"ನೋಡೋಣ ಅಂದ್ನಲ್ಲಮ್ಮ. ಡೋಂಟ್ ಫಸ್."

ಈ "ನೋಡೋಣ"ದ ಮೇಲೆ ನಾನು ಮೂರು ತಿಂಗಳು ಕಳೆದೆ. ಮನೆಯವರು ಮಂಡಿಯಿಂದ ಊಟಕ್ಕೆ ಬಂದಾಗಲೆಲ್ಲ ನಾನು ಹಜಾರದಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ಓಡಾಡುತ್ತಿರುವುದನ್ನು ನೋಡಿ, "ನಿನ್ನ ಕಾಲಿಗೆ ಚಕ್ರ ಕಟ್ಟಿದಾರಾ? ಮಗು ಮಲಗಿದೆ, ನೀನೂ ಸ್ವಲ್ಪ ಕೂತ್ಕೊಳೆ" ಎನ್ನುತ್ತಿದ್ದರು. ಕೂರುತ್ತಿದ್ದೆ. ಅವರು ಅನ್ನ ಕಲಸುವಷ್ಟರಲ್ಲಿ ಎದ್ದಿರುತ್ತಿದ್ದೆ.

ಆದರೆ ಆ ಮಗುವಿಗೆ ಮಲಗಲು ಬಟ್ಟೆ ತೊಡಿಸುವ ಹೊತ್ತು ಇತ್ತಲ್ಲ, ಅದೊಂದು ಹೊತ್ತು ನನ್ನ ಕೈ ಕಾಲು ಎರಡೂ ಶಾಂತ. ಎಣ್ಣೆನೀರು ಹಾಕಿ, ಒರೆಸಿ, ಅಗ್ಗಿಷ್ಟಿಕೆಯ ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರ ಬುಟ್ಟಿಯನ್ನು ಬೋರಲು ಮುಚ್ಚಿ, ಬುಟ್ಟಿಯ ಬೆನ್ನ ಮೇಲೆ ಜಬ್ಲ ಹರಡುತ್ತಿದ್ದೆ. ಆ ತಣ್ಣನೆಯ ಕೋಣೆಯಲ್ಲಿ ತಣ್ಣನೆಯ ಬಟ್ಟೆ ಮೈಗೆ ತಾಗಿದರೆ ಮಗು ಬೆಚ್ಚುತ್ತಿತ್ತು. ಬಟ್ಟೆ ಬೆಚ್ಚಗಾದ ಮೇಲೆ ಕೆಂಡವನ್ನು ಹಿತ್ತಲಿಗೆ ಸಾಗಿಸಿ, ಹೊಗೆ ಪೂರ್ತಿ ಹೋಗುವವರೆಗೆ ಕಾದು, ಆಮೇಲೆ ಮಗುವನ್ನು ಒಳಗೆ ತರುತ್ತಿದ್ದೆ. ಮೊದಲು ತೆಳ್ಳನೆ ಹತ್ತಿಯ ಮಲ್ ಬಟ್ಟೆಯ ಜಬ್ಲ, ನಾನೇ ಹೊಲಿದದ್ದು. ತೋಳನ್ನು ಎಳೆಯಬಾರದು, ನನ್ನ ಎರಡು ಬೆರಳನ್ನು ತೋಳಿನ ಒಳಗಿಂದ ಹಾಯಿಸಿ, ಅದರ ಮುಷ್ಟಿಯನ್ನು ಹಿಡಿದು ಹೊರಗೆ ಕರೆದುಕೊಂಡು ಬರಬೇಕು. ಮುಂದುಗಡೆ ಟೇಪಿನ ಸಡಿಲ ಗಂಟು. ಚಳಿ ಹೆಚ್ಚಿದ್ದರೆ ಮೇಲೊಂದು ಫ್ಲಾನೆಲ್. ಕಾಲಿಗೆ ಮೆತ್ತನೆಯ ಹತ್ತಿಯ ಸಾಕ್ಸ್. ಮನೆಯವರ ಹಳೆಯ ಪಂಚೆಯನ್ನು ಒಗೆದು ಒಗೆದು ಹೂವಿನಷ್ಟು ಮೃದುವಾದ ತುಂಡು ಎದೆಯ ತನಕ ಹೊದಿಸಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಮುಗಿಯಿತು. ಮಲಗುವಾಗ ತಲೆಗೆ ಏನೂ ಇಲ್ಲ. ಆಮೇಲೆ ಕತ್ತಿನ ಹಿಂದೆ ಎರಡು ಬೆರಳು. ಅದು ಹೇಳಿದ ಹಾಗೆ ಕೇಳುವುದು.

ಬೀಗಿತ್ತಿ ಮೊಮ್ಮಗಳನ್ನು ನೋಡಲು ಬಂದಾಗ ಹೊರಗೆ ಕಾರ್ತಿಕದ ಎಳೆ ಚಳಿ. ಅಗಲವಾದ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಕೈಚೀಲ, ಬಾಗಿಲಿಂದಲೇ ದೊಡ್ಡ ದನಿ. ನಡುಕೋಣೆಗೆ ಕಾಲಿಟ್ಟವರೇ ಒಂದು ಕಾಲನ್ನು ಇನ್ನೊಂದರ ಮೇಲಿಟ್ಟುಕೊಂಡರು.

"ಇದೇನ್ ಬೀಗ್ರೇ, ಐಸ್ ಫ್ಯಾಕ್ಟ್ರಿಲಿ ಮಲಗ್ಸಿದೀರಲ್ಲ ಕೂಸ್ನ!"

"ತಂಪು ರೂಮು. ಮಗು ಚೆನ್ನಾಗಿ ಮಲಗತ್ತೆ ಇಲ್ಲಿ. ಹೊದಿಸಿದೀನಲ್ಲ."

"ಒದ್ಸಿದೀರಾ? ಎಲ್ಲೀ?" ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ನಮ್ಮನೇಲಿ ಕಾಪಿ ಸೋಸೋ ಬಟ್ಟೆ ಇದ್ಕಿಂತ ದಪ್ಪ ಅದೆ ಕಣ್ರೀ."

"ಕತ್ತಿನ ಹಿಂದೆ ಮುಟ್ಟಿ ನೋಡಿ ಬೇಕಾದ್ರೆ. ಬೆಚ್ಚಗಿದೆ."

"ಕತ್ತ್ ತಡವಿ ನೋಡಕ್ಕೆ ಇದೇನ್ ಎಳ್ಗರೂನಾ ಬೀಗ್ರೇ?"

ಮಗಳು ಮಂಚದ ಮೇಲೆ ತುಟಿ ಕಚ್ಚಿಕೊಂಡು ನಗು ತಡೆದಳು. ನನಗೆ ನಗು ಬರಲಿಲ್ಲ. ಬೀಗಿತ್ತಿ ಕೈಚೀಲದಿಂದ ಒಂದೊಂದಾಗಿ ತೆಗೆದು ತೊಟ್ಟಿಲ ಅಂಚಿಗೆ ಜೋಡಿಸಿದರು. ಗಿಣಿಹಸಿರು ಸ್ವೆಟರ್, ಕಿತ್ತಳೆ ಬಣ್ಣದ ಉಣ್ಣೆಯ ಕುಲಾವಿ, ಅದರ ತುದಿಯಲ್ಲೊಂದು ಕುಚ್ಚು, ಕಾಲಿಗೆ ಕೈಗೆ ಎರಡಕ್ಕೂ ಚೀಲ. ಎಲ್ಲ ಅವರೇ ಹೆಣೆದದ್ದು. ಕಣ್ಣು ಅಷ್ಟು ಚೆನ್ನಾಗಿ ಕಾಣಿಸದಿದ್ದರೂ ಒಂದು ಹೆಣಿಗೆಯೂ ತಪ್ಪಿರಲಿಲ್ಲ.

"ನಿಮ್ಮಳಿಯ ಅವ್ನೆ ನೋಡಿ," ಎಂದರು, ಈ ಸಲ ದನಿ ತಗ್ಗಿಸಿ, "ಎಳೇ ಕೂಸಾಗಿದ್ದಾಗ ಒಂದ್ ಚಳಿಗಾಲ ಪೂರ್ತಿ ಉಬ್ಸ. ಒಳೆ ಗಾಳಿ ಎಂಗ್ ಬಡೀತದೆ ಗೊತ್ತಾ ನಮ್ಮನೇಗೆ? ಮಡ್ಲಲ್ಲಿ ಆಕ್ಕಂಡು ಕೂತಿರ್ತಿದ್ದೆ. ಉಸ್ರು ಎಳ್ಕಳದ್ ನೋಡಕ್ಕಾಗದು. ಅದ್ಕೇ ಹೇಳೋದು. ನಿಮ್ ಓದು ಬ್ಯಾರೆ, ನನ್ನ ಹೆದ್ರಿಕೆ ಬ್ಯಾರೆ."

ಅವರು ಹೋದ ಮೇಲೆ ಸ್ವೆಟರನ್ನು ಕೆನ್ನೆಗೆ ಉಜ್ಜಿ ನೋಡಿದೆ. ಚುಚ್ಚಿತು. ಮಡಿಸಿ ಟ್ರಂಕಿನಲ್ಲಿಟ್ಟೆ.

ಇಲ್ಲಿಂದ ಮುಂದಿನದ್ದು ನಮ್ಮಂಥ ಬೀಗರಿಗಷ್ಟೇ ಆಗುವಂಥದ್ದು. ಬೇರೆಯವರಾದರೆ ಜಗಳವಾಡುತ್ತಿದ್ದರು, ತೀರಿಹೋಗುತ್ತಿತ್ತು. ನಾವು ಮರ್ಯಾದೆಯವರು.

ಆ ಚಳಿಗಾಲದಲ್ಲಿ ಮಗಳು ಆಗಾಗ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋಗಿ ಬರುತ್ತಿದ್ದಳು. ಹೊರಡುವ ದಿನ ಬಟ್ಟೆ ತೊಡಿಸುವುದು ನಾನು. ಮಲ್ ಜಬ್ಲದ ಟೇಪ್ ಕಟ್ಟಿ, ಮಗುವನ್ನು ಎತ್ತಿಕೊಂಡು ಬಾಗಿಲ ತನಕ ಬಂದವಳು ವಾಪಸ್ ಹೋಗುತ್ತಿದ್ದೆ. ಬೀಗಿತ್ತಿ ಏನಂದುಕೊಂಡಾರು? ತಾವು ಅಷ್ಟು ಕಷ್ಟಪಟ್ಟು ಹೆಣೆದದ್ದನ್ನು ಮೂಲೆಗೆ ಹಾಕಿದ್ದಾರೆ ಎಂದುಕೊಳ್ಳುವುದಿಲ್ಲವೇ? ಟ್ರಂಕ್ ತೆಗೆದು ಸ್ವೆಟರ್, ಕುಲಾವಿ, ಕೈಗವಸು, ಕಾಲುಚೀಲ, ಎಲ್ಲ ಹೇರಿ ಕಳಿಸುತ್ತಿದ್ದೆ. ಮಧ್ಯಾಹ್ನದ ಬಸ್ಸು, ಬಿಸಿಲ ಕಡೆಯ ಸೀಟು. ನರಸೀಪುರ ತಲುಪುವಷ್ಟರಲ್ಲಿ ಮಗು ಬೆಂದ ಬದನೆಕಾಯಿಯಂತಾಗಿರುತ್ತಿತ್ತು.

ಅಲ್ಲಿಂದ ಹೊರಡುವ ದಿನ ಬಟ್ಟೆ ತೊಡಿಸುವುದು ಬೀಗಿತ್ತಿ. ಅವರಿಗೂ ಅದೇ ಯೋಚನೆ. ಇಂಗ್ಲಿಷ್ ಓದಿದ ಹೆಂಗಸು, ಉಣ್ಣೆ ಕಂಡರೆ ಆಗದು, ಮಗುವನ್ನು ಹೀಗೆ ಸುತ್ತಿ ಕಳಿಸಿದರೆ ನಮ್ಮನ್ನು ಏನೂ ತಿಳಿಯದವರು ಎಂದುಕೊಂಡಾರು. ಹಾಗೆಂದು ಎಲ್ಲ ಕಳಚಿ, ನನ್ನ ಮಲ್ ಜಬ್ಲ ಒಂದನ್ನೇ ತೊಡಿಸಿ, ಹೊಳೆಯ ಮೇಲಿನ ಮಂಜು ಇನ್ನೂ ಏಳದ ಬೆಳಗಿನ ಬಸ್ಸಿಗೆ ಕೂರಿಸುತ್ತಿದ್ದರು. ನಂಜನಗೂಡಿಗೆ ಬರುವಾಗ ಮಗುವಿನ ಮೂಗಿನ ತುದಿ ಕೆಂಪು.

ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ನಾನು ಅಷ್ಟು ಬೆಚ್ಚಗೆ ಕಳಿಸಿದರೆ ಬೀಗಿತ್ತಿ ಬೇಕೆಂದೇ ಹೀಗೆ ಕಳಿಸುತ್ತಾರೆ, ನನ್ನನ್ನು ಹಂಗಿಸಲು. ಅವರಿಗೆ ಗೊತ್ತಿದ್ದದ್ದೂ ಇಷ್ಟೇ: ಈ ಹೆಂಗಸು ತನ್ನ ಮನೆಯಲ್ಲಿ ಬೆತ್ತಲೆ ಮಲಗಿಸಿ, ನಮ್ಮ ಮನೆಗೆ ಮಾತ್ರ ಬೇಕೆಂದೇ ಮೂಟೆ ಕಟ್ಟಿ ಕಳಿಸುತ್ತಾಳೆ, ನನ್ನನ್ನು ಆಡಿಕೊಳ್ಳಲು. ನಡುವೆ ಮಗಳು ಹೋಗುವಾಗ ದಾರಿಯುದ್ದಕ್ಕೂ ಬಿಚ್ಚುತ್ತ, ಇಳಿಯುವ ಮುಂಚೆ ಮತ್ತೆ ತೊಡಿಸುತ್ತ, ಬರುವಾಗ ತನ್ನ ಸೆರಗಿನೊಳಗೆ ಸುತ್ತಿಕೊಳ್ಳುತ್ತ ಓಡಾಡುತ್ತಿದ್ದಳು. ಅವಳು ನನಗೆ ಹೇಳಲಿಲ್ಲ. ಹೇಳಿದ್ದರೆ ನನಗೆ ಬೇಜಾರು, ಅತ್ತೆಗೆ ಹೇಳಿದ್ದರೆ ಅವರಿಗೆ ಬೇಜಾರು. ಅವಳೂ ಮರ್ಯಾದೆಯವಳೇ.

ಸಂಕ್ರಾಂತಿ ಬಂತು. ಮಗುವಿಗೆ ಮೊದಲ ಸಂಕ್ರಾಂತಿ, ಎಲಚಿ ಹಣ್ಣು ಎರೆಯಬೇಕು. ಅದು ಗಂಡನ ಮನೆಯಲ್ಲೇ ಆಗಬೇಕು. ಹಬ್ಬ ಮುಗಿದ ಎರಡನೇ ದಿನ ಸ್ಕೂಲ್. ಆದರೆ ಮಗಳಿನ್ನೂ "ನೋಡೋಣ"ದಲ್ಲೇ ಇದ್ದಳು. ನಾನು, ಮನೆಯವರು ಇಬ್ಬರೂ ಹೋದೆವು. ಹೊರಡುವ ಮೊದಲು ನಡುಕೋಣೆಯ ತೊಟ್ಟಿಲಿಗೆ ಒಗೆದ ಹಾಸಿಗೆಬಟ್ಟೆ ಹಾಸಿಟ್ಟೆ. ವಾಪಸ್ ಬಂದ ಕೂಡಲೇ ಮಲಗಿಸಲಿಕ್ಕೆ.

ನರಸೀಪುರದ ಮನೆಯ ಹಜಾರದಲ್ಲಿ ಸಂಜೆಗೆ ಮುಂಚೆ ಮಣೆ ಹಾಕಿದರು. ಬೀಗಿತ್ತಿಯ ಕಡೆಯ ಹೆಂಗಸರೆಲ್ಲ ಬಂದಿದ್ದರು. ಅವರೆದುರಿಗೆ ಬೀಗಿತ್ತಿಗೆ ಸಂತೋಷವಾಗಲಿ ಎಂದು, ಮಗಳು ಮಲ್ ಜಬ್ಲ ತೊಡಿಸಿದ್ದ ಮಗುವಿಗೆ ಮೇಲೆ ನಾನೇ ಆ ಗಿಣಿಹಸಿರು ಸ್ವೆಟರ್ ಹಾಕಿ ತಂದು ಮಗಳ ಮಡಿಲಲ್ಲಿ ಕೂರಿಸಿದೆ. "ನಾನ್ ಹೆಣ್ದಿದ್ದು!" ಎಂದು ಅವರು ನೆರೆಮನೆಯವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು, ನನಗೂ ಒಳ್ಳೆಯದೆನಿಸಿತು. ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎಲ್ಲ ಬೆರೆಸಿದ್ದನ್ನು ಪಾವಿನಲ್ಲಿ ತುಂಬಿ ನೆತ್ತಿಯ ಮೇಲೆ ಸುರಿದರು. ಬೀದಿಯ ಮಕ್ಕಳು ಮುಗಿಬಿದ್ದು ಆಯ್ದುಕೊಂಡರು. ಮಗು ಪಿಳಿಪಿಳಿ ನೋಡಿತು, ಒಂದು ಸಲ ಸೀನಿತು, ಆಕಳಿಸಿತು. ಆರತಿ ಮಾಡಿದರು.

ಆಮೇಲೆ ಮಗಳು ಎಳ್ಳು ಬೀರಲು ತಟ್ಟೆ ಹಿಡಿದು ಬೀದಿಯ ಮನೆಗಳಿಗೆ ಹೊರಟಳು. ಮಗುವನ್ನು ಮಲಗಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಹೊಳೆಯ ಕಡೆಯ ಕೋಣೆ, ದೊಡ್ಡ ಕಿಟಕಿ. ಬಾಗಿಲು ಹಾಕಿದರೂ ಸಂದಿಯಿಂದ ಗಾಳಿ ಸುಯ್ಯೆನ್ನುತ್ತಿತ್ತು. ಆ ಕೋಣೆ ನಮ್ಮ ನಡುಕೋಣೆಯ ಹಾಗಲ್ಲ; ನಮ್ಮದು ಸುಮ್ಮನೆ ಕೂತ ತಂಪು, ಅಲ್ಲಿಯದು ಓಡಾಡುವ ತಂಪು. ಬೀಗಿತ್ತಿ ಸ್ವೆಟರಿನ ಮೇಲೊಂದು ಉಣ್ಣೆಯ ಕುಂಚಿಗೆ ತೊಡಿಸಿದರು, ತಲೆಯಿಂದ ಬೆನ್ನಿನವರೆಗೆ ಇಳಿಯುವಂಥದ್ದು, ಗಲ್ಲದ ಕೆಳಗೆ ಗಂಟು. ಮಲಗಿಸಿದರು. ಮಗು ಕಿರುಚಿತು.

ಎತ್ತಿಕೊಂಡರೆ ಸುಮ್ಮನಾಗುತ್ತದೆ, ಮಲಗಿಸಿದರೆ ಕಿರುಚುತ್ತದೆ. ಮತ್ತೆ ಎತ್ತಿಕೊಂಡೆವು, ಮತ್ತೆ ಮಲಗಿಸಿದೆವು.

"ಅಸಿವೇನೋ."

"ಈಗ ತಾನೆ ಕುಡಿದಿದಾಳೆ."

"ಒಟ್ಟೆ ನೋವಾ?"

"ಹೊಟ್ಟೆ ಮೆತ್ತಗಿದೆ."

ನನಗೆ ಗೊತ್ತಿತ್ತು, ಸೆಕೆಯಾಗಿದೆ ಎಂದು. ಕತ್ತಿನ ಹಿಂದೆ ಮುಟ್ಟಿ ನೋಡಲು ಬೆರಳು ತುಡಿಯುತ್ತಿತ್ತು. ಆದರೆ ಕುಂಚಿಗೆ ಬಿಚ್ಚಬೇಕು. ಅವರ ಮನೆ, ಅವರ ಕೈಯಾರೆ ತೊಡಿಸಿದ್ದು, ಅವರ ಎದುರಿಗೇ ಹೇಗೆ ಬಿಚ್ಚಲಿ? ಕೋಣೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಮಗುವನ್ನು ಹೊತ್ತು ಅಲೆದೆ. ಬೀಗಿತ್ತಿ ಕಿಟಕಿ ಭದ್ರ ಮಾಡಿದರು, ಬಂದರು, ಮತ್ತೆ ಹೋಗಿ ಭದ್ರ ಮಾಡಿದರು. ಅವರಿಗೂ, ಆಮೇಲೆ ಹೇಳಿದರು, ಗೊತ್ತಿತ್ತಂತೆ: ಸ್ವೆಟರ್ ಎಲ್ಲೋ ಒತ್ತುತ್ತಿದೆ ಎಂದು. ಆದರೆ ಸ್ವೆಟರ್ ಹಾಕಿದ್ದು ನಾನು, ಉಣ್ಣೆ ಒಲ್ಲದ ನಾನೇ ಇಷ್ಟು ಜನದೆದುರು ಹಾಕಿದ್ದೇನೆ, ಅದನ್ನು ಅವರು ಹೇಗೆ ಬಿಚ್ಚುವುದು?

ಬಿಚ್ಚಲಾಗದ್ದಕ್ಕೆ ಇನ್ನಷ್ಟು ಹೊದಿಸಿದೆವು. ಅವರು ಒಂದು ಶಾಲು ತಂದರು. ನಾನು "ಹೌದು, ಹೊದಿಸಿ" ಎಂದೆ. ಈಗ ನೆನೆಸಿಕೊಂಡರೆ ನಂಬಿಕೆ ಬಾರದು, ನಾನೇ ಅದರ ಅಂಚು ಸಿಕ್ಕಿಸಿದೆ.

"ಕಣ್ಣ್ ಬಿದ್ದದೆ ಕಣ್ರೀ. ಆ ಮೂಲೆಮನೆಯವ್ಳು ಎಂಗ್ ನೋಡ್ತಿದ್ಲು ಗೊತ್ತಾ?" ಎಂದು ಬೀಗಿತ್ತಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂತು. ನಾವಿಬ್ಬರೂ ಕೆಮ್ಮಿದೆವು. ಮಗು ಇನ್ನೂ ಜೋರಾಗಿ ಅತ್ತಿತು.

ದೀಪ ಹಚ್ಚುವ ಹೊತ್ತಿಗೆ ಮಗಳು ಖಾಲಿ ತಟ್ಟೆ ಹಿಡಿದು ಓಡಿಬಂದಳು. ಬೀದಿಯ ತುದಿಗೆ ಕೇಳಿಸಿತಂತೆ. ತಟ್ಟೆಯನ್ನು ಎಲ್ಲಿಟ್ಟಳೋ, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಮಂಚದ ಮೇಲೆ ಮಲಗಿಸಿ, ಶಾಲು ತೆಗೆದಳು, ಕುಂಚಿಗೆಯ ಗಂಟು ಬಿಚ್ಚಿದಳು, ಮಗುವನ್ನು ಮಗುಚಿ ಸ್ವೆಟರ್ ಮೇಲಕ್ಕೆತ್ತಿದಳು. ಟಪ್ ಎಂದು ಒಂದು ಎಲಚಿ ಹಣ್ಣು ಕೆಳಗೆ ಬಿದ್ದು, ನೆಲದ ಮೇಲೆ ಉರುಳಿಕೊಂಡು ಹೋಗಿ ಬೀಗಿತ್ತಿಯ ಕಾಲ ಬಳಿ ನಿಂತಿತು. ಹಣ್ಣು ಎರೆಯುವಾಗ ಸ್ವೆಟರಿನ ಕತ್ತಿನೊಳಗೆ ಇಳಿದದ್ದು. ನಾವು ಸುತ್ತಿದಷ್ಟೂ ಅದು ಒತ್ತಿತ್ತು. ಜಬ್ಲ ಎತ್ತಿ ನೋಡಿದರೆ ಎರಡು ಭುಜದೆಲುಬುಗಳ ನಡುವೆ, ಆ ಎಳೆಯ ಬೆನ್ನಿನಲ್ಲಿ, ಕೆಂಪಗೆ ದುಂಡಗೆ ಒಂದು ಗುಳಿ.

ಮಗು ಬಿಕ್ಕಳಿಸಿ ಸುಮ್ಮನಾಯಿತು.

"ಅಮ್ಮ," ಎಂದಳು ಮಗಳು. ದನಿ ಏರಿಸಲಿಲ್ಲ, ಅದೇ ಕಷ್ಟ. "ಅತ್ತೆ. ನೀವಿಬ್ರೂ ಮಗೂಗೆ ಬಟ್ಟೆ ಹಾಕ್ತಾ ಇಲ್ಲ. ಒಬ್ಬರಿಗೊಬ್ಬರು ಹಾಕ್ತಾ ಇದೀರಾ." ಆಮೇಲೆ ಬಸ್ಸಿನ ಕಥೆಯೆಲ್ಲ ಹೊರಗೆ ಬಂತು. ಹೋಗುವಾಗ ಬೆಂದದ್ದು, ಬರುವಾಗ ನಡುಗಿದ್ದು.

ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ನಾನ್ ಹೆಣ್ದಿದ್ನ ನೀವು ನನ್ನ ಆಡ್ಕಳಕ್ಕೇ ಆಕ್ತೀರ ಅಂದ್ಕಂಡಿದ್ದೆ," ಎಂದರು ಮೆಲ್ಲಗೆ. "ನಾನು ಹೊಲಿದಿದ್ದು ನಿಮಗೆ ಕಾಫಿ ಸೋಸಕ್ಕೇ ಅಂದ್ಕೊಂಡಿದ್ದೆ," ಎಂದೆ. ಅವರಿಗೆ ನಗು ಬಂದೇಬಿಟ್ಟಿತು. ಬಗ್ಗಿ ಆ ಹಣ್ಣನ್ನು ಎತ್ತಿಕೊಂಡು, ತಪ್ಪೆಲ್ಲ ಅದರದೇ ಎಂಬಂತೆ ಬೈದು, ಕಿಟಕಿ ತೆಗೆದು ಆಚೆ ಎಸೆದು, ಮತ್ತೆ ಭದ್ರ ಮಾಡಿದರು. ಮಗಳು ನಗಲಿಲ್ಲ. ಮಗುವಿಗೆ ಒಂದು ಮಲ್ ಜಬ್ಲ, ಮೇಲೊಂದು ಫ್ಲಾನೆಲ್ ತೊಡಿಸಿ, ಕತ್ತಿನ ಹಿಂದೆ ಎರಡು ಬೆರಳಿಟ್ಟು ನೋಡಿ ಮಲಗಿಸಿದಳು. ಅದು ನಿದ್ದೆ ಹೋಯಿತು.

ಬೆಳಗ್ಗೆ ನಾವು ಹೊರಡುವ ಹೊತ್ತಿಗೆ ಅವಳು ಹಿತ್ತಲ ಬಾಗಿಲಲ್ಲಿ ನನ್ನನ್ನು ತಡೆದಳು. ಹೇಳುವ ಮೊದಲೇ ನನಗೆ ಗೊತ್ತಾಯಿತು.

"ನಾನು ಇಲ್ಲೇ ಇರ್ತೀನಮ್ಮ."

"ನೆನ್ನೆದಕ್ಕೆ ಕೋಪ ಮಾಡ್ಕೊಂಡು ಹೇಳ್ತಿದೀಯಾ?"

"ಇಲ್ಲಮ್ಮ. ಅತ್ತೆ ಚೆನ್ನಾಗಿ ನೋಡ್ಕೋತಾರೆ, ನೀನು ನೋಡ್ಕೊಳಲ್ಲ ಅಂತಾನೂ ಅಲ್ಲ. ಇಲ್ಲಾದ್ರೆ ಲಂಚ್ ಬಿಟ್ಟಾಗ ಸ್ಕೂಲಿಂದ ನಡ್ಕೊಂಡು ಬಂದು ಹೋಗಬಹುದು. ಬಂದು, ಕತ್ತು ಮುಟ್ಟಿ ನೋಡಿ, ಹೋಗ್ತೀನಿ. ಅಷ್ಟು ನೋಡದೆ ಕ್ಲಾಸ್ ಮಾಡಕ್ಕೆ ನನ್ನ ಕೈಲಾಗಲ್ಲ. ಬಸ್ಸಿನ ದೂರದಲ್ಲಿದ್ರೆ ಸತ್ತೇಹೋಗ್ತೀನಿ."

ಕತ್ತು ಮುಟ್ಟಿ ನೋಡುವುದು ನಾನು ಕಲಿಸಿದ್ದು. ಅದನ್ನೇ ಹಿಡಿದುಕೊಂಡು ಅವಳು ನನ್ನಿಂದ ದೂರ ಉಳಿಯುತ್ತಿದ್ದಳು. "ಸೆನ್ಸಿಬಲ್" ಎಂದೆ. ಬೇರೆ ಪದ ಸಿಗಲಿಲ್ಲ.

ಹೊರಡುವಾಗ ಬೀಗಿತ್ತಿ ಅರಿಶಿನ ಕುಂಕುಮ ಕೊಟ್ಟು, "ಬೀಗ್ರೇ, ಆ ತೆಳು ಜಬ್ಲ ಎಷ್ಟವೋ ಅಷ್ಟೂ ಇಲ್ಲೇ ಬುಟ್ಟೋಗಿ" ಎಂದರು. ನನ್ನ ಬ್ಯಾಗಿನಲ್ಲಿದ್ದವನ್ನೆಲ್ಲ ಕೊಟ್ಟೆ. ಬಸ್ಸಿನಲ್ಲಿ ಮನೆಯವರು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತರು. ನನ್ನ ಮಡಿಲು ಹಗುರ. ಕೈ ಎಲ್ಲಿಡುವುದು ತಿಳಿಯದೆ ಸೀಟಿನ ಕಂಬಿ ಹಿಡಿದುಕೊಂಡೆ. ಮನೆಗೆ ಬಂದು ನಡುಕೋಣೆಯ ತೊಟ್ಟಿಲ ಹಾಸಿಗೆಬಟ್ಟೆ ತೆಗೆದೆ, ಮಡಿಸಿದೆ, ಮತ್ತೆ ಹಾಸಿದೆ.

ನನಗೆ ಮಧ್ಯಾಹ್ನಗಳನ್ನು ಏನು ಮಾಡುವುದೆಂದು ಗೊತ್ತಾಗುತ್ತಿರಲಿಲ್ಲ. ಅಲ್ಲಿ ಗಾಳಿ ಇದೆಯೇ? ಕಿಟಕಿ ಹಾಕಿದ್ದಾರೆಯೇ? ಉಣ್ಣೆ ಬೆನ್ನಿಗೆ ಚುಚ್ಚುತ್ತಿದೆಯೇ? ಫೋನಿನ ಬಳಿ ಹೋಗಿ ನಿಲ್ಲುತ್ತಿದ್ದೆ. ಮಾಡಿದರೆ ಅನುಮಾನಪಟ್ಟಂತೆ. ಮಾಡದೆ ಇರಲು ಪೇಷನ್ಸ್ ಇಲ್ಲ. ಹೀಗೆ ನಿಂತಿದ್ದಾಗಲೇ ಒಂದು ದಿನ ಅದೇ ರಿಂಗಾಯಿತು.

"ಬೀಗ್ರೇ, ನಾನು. ಮಲಗವಳೆ."

ನಾನು ಕೇಳಿರಲಿಲ್ಲ, ಆದರೂ ಅವರೇ ಹೇಳಿದರು: "ನಿಮ್ಮ ಕಾಪಿ ಸೋಸೋ ಬಟ್ಟೆ ಒಂದು, ಅದ್ರ ಮ್ಯಾಲೆ ಪ್ಲಾನಲ್ ಒಂದು. ತಲೇಗೇನಿಲ್ಲ. ಕತ್ತ್ ಹಿಂದೆ ತಡವ್ದೆ. ಬೆಚ್ಗದೆ. ಇಟ್ಟೀನಾ?"

ಆಮೇಲೆ ಅದು ನಡೆದುಕೊಂಡು ಬಂತು. ದಿನಾ ಅಲ್ಲ, ಅವರಿಗೆ ನೆನಪಾದಾಗ, ಅಥವಾ ನನ್ನ ಚಡಪಡಿಕೆ ಅವರಿಗೆ ಅಲ್ಲಿಂದಲೇ ತಿಳಿದಾಗ. ನಿಜವಾಗಿ ಅಷ್ಟೇ ತೊಡಿಸುತ್ತಿದ್ದರೋ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದರೋ, ಮಗಳನ್ನು ನಾನು ಎಂದೂ ಕೇಳಲಿಲ್ಲ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ನಂಜನಗೂಡಿನಲ್ಲಿ ವಿಪರೀತ ಗಾಳಿ. ಹೆಂಚುಗಳು ಕಟಕಟ ಎನ್ನುತ್ತಿದ್ದವು. ನಾನು ಕೋಣೆಗೆ ಹೋಗಿ ಬಂದೆ, ಹಿತ್ತಲಿಗೆ ಹೋಗಿ ಬಂದೆ, ತಡೆಯಲಾರದೆ ನಾನೇ ಫೋನ್ ಮಾಡಿದೆ.

"ಮಲಗಿದಾಳಾ?"

"ಊಂ, ಈಗ್ತಾನೆ."

"ಒಂದು ಸ್ವೆಟರ್ ಹಾಕ್ತೀರಾ? ಆ ಹಸಿರುದು. ಇಲ್ಲಿ ತುಂಬ ಗಾಳಿ."

ಆ ಕಡೆಯಿಂದ ನಗು, ಮಗು ಎದ್ದೀತೆಂದು ಸೆರಗು ಒತ್ತಿಕೊಂಡ ನಗು.

"ನಂಜನಗೂಡಲ್ಲಿ ಗಾಳಿ ಬೀಸುದ್ರೆ ನರಸೀಪುರದ ಕೂಸ್ಗೆ ಸ್ವೆಟ್ರಾ? ಸರಿ ಬುಡಿ, ಆ ಗಾಳಿ ಒಳೆ ಗುಂಟ ಇಲ್ಲೀಗ್ ಬರ್ಲಿ, ಬಂದ್ಮೇಲೆ ಆಕ್ತೀನಿ. ಆಮೇಲೆ ಬೀಗ್ರೇ, ನಿಮ್ಮ ಜಬ್ಲ ಕಂಕುಳ ತಾವ ಬಿಗೀತಾ ಅವೆ. ಬೆಳೀತಾ ಅವ್ಳೆ ಕೂಸು. ದೊಡ್ಡವು ಒಲ್ಕೊಡಿ. ಈಗ ಒಸಿ ಕೂತ್ಕಳಿ, ಅತ್ಲಾಗಿತ್ಲಾಗ್ ಓಡಾಡ್ಬೇಡಿ."

ನಾನು ಓಡಾಡುತ್ತಿದ್ದುದು ಅವರಿಗೆ ಹೇಗೆ ಗೊತ್ತಾಯಿತೋ.

ಫೋನಿಟ್ಟು ಟ್ರಂಕಿನಿಂದ ಮಲ್ ಬಟ್ಟೆ ತೆಗೆದೆ. ನಡುಕೋಣೆಯ ಚಪ್ಪಡಿಯ ಮೇಲೆ, ಗಾಜಿನ ಹೆಂಚಿನ ಬೆಳಕು ಬೀಳುವ ಕಡೆ ಹರಡಿ, ಎಷ್ಟು ಬೆಳೆದಿದ್ದಾಳೋ ಎಂದು ಕೈಯಲ್ಲೇ ಅಂದಾಜು ಮಾಡಿ, ಹಳೆಯದಕ್ಕಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿದೆ. ಅಂಗಾಲು ತಣ್ಣಗಾಗುತ್ತಿತ್ತು. ಮೊದಲ ತೋಳು ಹೊಲಿದು ಮುಗಿಸಿ, ಒಳಮಗ್ಗುಲು ಹೊರಗೆ ಮಾಡಿ ಕೆನ್ನೆಗೆ ಉಜ್ಜಿ ನೋಡಿದೆ. ಒಂದು ಕಡೆ ಚೂರು ಚುಚ್ಚಿದ ಹಾಗಾಯಿತು. ಬಿಚ್ಚಿದೆ.